ವೈರಸ್ ಚುಚ್ಚಿ ಕ್ಯಾನ್ಸರ್ ಗುಣಪಡಿಸುವಾಗ ನಮ್ಮ ಇಮ್ಯುನಿಟಿ ಅಡ್ಡ ಬರಲ್ವಾ?

ನೀವು ಕೇಳಿರುವುದು ಮೂರು ವಿಷಯ. ಕ್ರೊಯೇಷಿಯಾದ ವಿಜ್ಞಾನಿಯೊಬ್ಬರು ತಮ್ಮ ಸ್ತನ ಕ್ಯಾನ್ಸರಿಗೆ ತಾವೇ ಬೆಳೆಸಿದ ವೈರಸ್ ಚುಚ್ಚಿಸಿಕೊಂಡು ಗುಣವಾದ ಸುದ್ದಿ ಓದಿದ್ದೀರಿ, ಅದು ನಿಜವಾ ಅನ್ನೋದು ಮೊದಲನೆಯದು. ದೇಹದ ರೋಗನಿರೋಧಕ ಶಕ್ತಿ ಆ ವೈರಸ್ಸನ್ನೇ ಮೊದಲು ಮುಗಿಸಿಬಿಡಲ್ವಾ, ಹಾಗಾದರೆ ಇಮ್ಯುನಿಟಿ ತಗ್ಗಿಸಿ ಕೊಡ್ತಾರಾ ಅನ್ನೋದು ಎರಡನೆಯದು. ಕೀಮೋ ತೆಗೆದುಕೊಳ್ಳುತ್ತಿರುವ ನಿಮ್ಮ ಚಿಕ್ಕಮ್ಮನಿಗೆ ಇದನ್ನು ಕೊಡಿಸಬಹುದಾ, ಅಲ್ಲಿಯವರೆಗೆ ಇಮ್ಯುನಿಟಿ ಏರಿಸೋಕೆ ಅಮೃತಬಳ್ಳಿ ಕಷಾಯ ಕೊಡಲಾ ಅನ್ನೋದು ಮೂರನೆಯದು.

ನಾನು ಡಾಕ್ಟರ್ ಅಲ್ಲ. ವೈರಸ್ ಬೆಳೆಸುವ, ಅಳೆಯುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಹಾಗಾಗಿ ಎರಡನೇ ಪ್ರಶ್ನೆಗೆ ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ಅದು ಗೊತ್ತಾದರೆ ಉಳಿದ ಎರಡಕ್ಕೂ ಉತ್ತರ ಅದರಲ್ಲೇ ಸಿಗುತ್ತದೆ.

ಇಮ್ಯುನಿಟಿ ಅಡ್ಡ ಬರುತ್ತದೆ, ಹೌದು. ಆದರೆ ಗಡ್ಡೆಯನ್ನು ಕರಗಿಸುವ ಕೆಲಸದಲ್ಲಿ ದೊಡ್ಡ ಪಾಲು ಮಾಡುವುದೂ ಅದೇ. ಈಗ ಬಳಕೆಯಲ್ಲಿರುವ ವೈರಸ್ ಔಷಧಗಳಲ್ಲಿ ಮುಖ್ಯವಾದದ್ದನ್ನು ತಯಾರಿಸಿದವರು ಇಮ್ಯುನಿಟಿಯ ಕಣ್ಣಿಗೆ ಬೀಳಲಿ ಅಂತಲೇ ವೈರಸ್ಸನ್ನು ತಿದ್ದಿದ್ದಾರೆ.

ಲ್ಯಾಬಿನಿಂದ ಶುರು ಮಾಡುತ್ತೇನೆ. ವೈರಸ್ ಎಷ್ಟಿದೆ ಅಂತ ಅಳೆಯೋದು ಹೀಗೆ: ಪ್ಲಾಸ್ಟಿಕ್ ತಟ್ಟೆಯ ಗುಳಿಗಳ ತಳದಲ್ಲಿ ಜೀವಕೋಶಗಳನ್ನು ಒಂದೇ ಪದರ ಆಗುವಷ್ಟು ಬೆಳೆಸುತ್ತೇವೆ. ವೈರಸ್ ಇರುವ ದ್ರವವನ್ನು ಹತ್ತು ಪಟ್ಟು, ನೂರು ಪಟ್ಟು, ಸಾವಿರ ಪಟ್ಟು ಹೀಗೆ ತೆಳ್ಳಗೆ ಮಾಡುತ್ತಾ ಒಂದೊಂದು ಗುಳಿಗೆ ಹಾಕುತ್ತೇವೆ. ವೈರಸ್ ಒಳಗೆ ಹೋಗಲು ಸ್ವಲ್ಪ ಹೊತ್ತು ಬಿಟ್ಟು, ಅದು ಎಲ್ಲಾ ಕಡೆ ತೇಲಿಕೊಂಡು ಹೋಗದ ಹಾಗೆ ಮೇಲೊಂದು ಗಟ್ಟಿ ಜೆಲ್ ಪದರ ಹಾಕಿ, 37 ಡಿಗ್ರಿ ಶಾಖದಲ್ಲಿ ಕೆಲವು ದಿನ ಇಡುತ್ತೇವೆ. ಆಮೇಲೆ ಜೆಲ್ ತೆಗೆದು ಕ್ರಿಸ್ಟಲ್ ವಯೊಲೆಟ್ ಬಣ್ಣ ಹಾಕಿ ತೊಳೆದರೆ, ಬದುಕಿರುವ ಜೀವಕೋಶಗಳೆಲ್ಲ ನೇರಳೆಯಾಗಿ ಅಂಟಿಕೊಂಡಿರುತ್ತವೆ, ವೈರಸ್ ಕೊಂದ ಜಾಗದಲ್ಲಿ ಮಾತ್ರ ಸೂಜಿಮೊನೆಯಷ್ಟು, ಕೆಲವೊಮ್ಮೆ ಸಾಸಿವೆಯಷ್ಟು ಖಾಲಿ ಚುಕ್ಕೆ. ಅದಕ್ಕೆ ಪ್ಲಾಕ್ ಅನ್ನುತ್ತೇವೆ. ಬೆಳಕಿಗೆ ಹಿಡಿದು ಎಣಿಸಬಹುದು. ವೈರಸ್ ಔಷಧದ ಡೋಸ್ ಹೇಳುವುದು ಕೂಡ ಮಿಲಿಗ್ರಾಂ ಲೆಕ್ಕದಲ್ಲಲ್ಲ, ಈ ಪ್ಲಾಕ್ ಲೆಕ್ಕದಲ್ಲೇ.

ಜೆಲ್ ಹಾಕದೆ ಬಿಟ್ಟರೆ? ಕೆಲವೇ ದಿನದಲ್ಲಿ ಗುಳಿ ಪೂರ್ತಿ ಖಾಲಿ. ಒಂದೂ ಜೀವಕೋಶ ಉಳಿಯುವುದಿಲ್ಲ. ಕ್ಯಾನ್ಸರ್ ಜೀವಕೋಶಗಳಲ್ಲಂತೂ ಇದು ಜೋರಾಗಿಯೇ ನಡೆಯುತ್ತದೆ. ಯಾಕೆಂದರೆ ನಮ್ಮ ಸರಿಯಾದ ಜೀವಕೋಶಕ್ಕೆ ವೈರಸ್ ಹೊಕ್ಕರೆ ಅದು ಇಂಟರ್‌ಫೆರಾನ್ ಅನ್ನುವ ಪ್ರೋಟೀನ್ ಬಿಟ್ಟು ಅಕ್ಕಪಕ್ಕದವಕ್ಕೆ ಸುದ್ದಿ ಕೊಡುತ್ತದೆ, ತನ್ನೊಳಗಿನ ಪ್ರೋಟೀನ್ ತಯಾರಿಯನ್ನೇ ನಿಲ್ಲಿಸಿಕೊಂಡು ವೈರಸ್ ಬೆಳೆಯದಂತೆ ಮಾಡುತ್ತದೆ. ಹಲವು ಕ್ಯಾನ್ಸರ್ ಜೀವಕೋಶಗಳು ಬೇಕಾಬಿಟ್ಟಿ ಬೆಳೆಯುವ ಭರದಲ್ಲಿ ಈ ವ್ಯವಸ್ಥೆಯನ್ನೇ ಕಳೆದುಕೊಂಡಿರುತ್ತವೆ. ವೈರಸ್ಸಿಗೆ ಅಲ್ಲಿ ತಡೆಯೇ ಇಲ್ಲ.

ತಟ್ಟೆಯಲ್ಲಿ ಹೀಗೆ ಎಲ್ಲವೂ ಸಾಯುವುದನ್ನು ನೋಡಿದವರಿಗೆ ದೇಹದಲ್ಲೂ ಹೀಗೇ ಆಗುತ್ತದೆ ಅನ್ನಿಸೋದು ಸಹಜ. ಆದರೆ ತಟ್ಟೆಯಲ್ಲಿ ರಕ್ತ ಇಲ್ಲ, ವೈರಸ್ಸಿಗೆ ಅಂಟಿ ಅದನ್ನು ತಡೆಯುವ ಆಂಟಿಬಾಡಿ ಇಲ್ಲ, ಸೋಂಕಾದ ಜೀವಕೋಶವನ್ನು ಹುಡುಕಿ ಕೊಲ್ಲುವ ಟಿ ಸೆಲ್ ಇಲ್ಲ, ಲಿವರ್ ಇಲ್ಲ. ಈ ಚಿಕಿತ್ಸೆಯ ನೂರು ವರ್ಷದ ಏಳುಬೀಳೆಲ್ಲ ಈ ವ್ಯತ್ಯಾಸದಲ್ಲೇ ಇದೆ.

ಸೋಂಕು ಬಂದಾಗ ಕ್ಯಾನ್ಸರ್ ತಗ್ಗಿದ ಉದಾಹರಣೆಗಳು ಹಳೆಯವು. ರಕ್ತದ ಕ್ಯಾನ್ಸರ್ ಇದ್ದ ಒಬ್ಬ ಮಹಿಳೆಗೆ ಫ್ಲೂ ಬಂದ ಮೇಲೆ ಕಾಯಿಲೆ ಕೆಲಕಾಲ ತಗ್ಗಿದ್ದನ್ನು ಅಮೆರಿಕದ ಜಾರ್ಜ್ ಡಾಕ್ ಅನ್ನುವ ವೈದ್ಯರು 1904ರಲ್ಲಿ ಬರೆದಿದ್ದಾರೆ. ಉಗಾಂಡದಲ್ಲಿ ಬರ್ಕಿಟ್ ಲಿಂಫೋಮಾ ಅನ್ನುವ, ಬಿಳಿ ರಕ್ತಕಣಗಳ ಕ್ಯಾನ್ಸರ್ ಇದ್ದ ಒಬ್ಬ ಹುಡುಗನಿಗೆ ದಡಾರ ಎದ್ದು, ಅದರ ಜೊತೆಗೇ ಕಣ್ಣಿನ ಹತ್ತಿರದ ಗಡ್ಡೆ ಇಳಿದುಹೋದ ವರದಿ 1971ರಲ್ಲಿ ಬಂತು. ಇದರ ನಡುವೆ, 1950ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ವೆಸ್ಟ್ ನೈಲ್ ಜಾತಿಯ ವೈರಸ್ಸನ್ನು, ಏನೂ ತಿದ್ದದೆ, ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡಿದರು. ಇಮ್ಯುನಿಟಿ ಗಟ್ಟಿ ಇದ್ದವರಲ್ಲಿ ಆಂಟಿಬಾಡಿ ಎದ್ದು ವೈರಸ್ ಮಾಯವಾಯಿತು. ಕುಗ್ಗಿದ್ದವರಲ್ಲಿ ಕೆಲವರಿಗೆ ವೈರಸ್ ಮಿದುಳಿಗೇ ಹೋಯಿತು. ನಿಮ್ಮ ‘ಇಮ್ಯುನಿಟಿ ತಗ್ಗಿಸಿ ಕೊಡ್ತಾರಾ’ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ತಗ್ಗಿಸಿದರೆ ವೈರಸ್ ಗಡ್ಡೆಯಲ್ಲೇ ಉಳಿಯುತ್ತದೆ ಅನ್ನುವ ಭರವಸೆ ಯಾರೂ ಕೊಡಲಾರರು.

ಉಳಿದ ಅರ್ಧಕ್ಕೆ ಟಿ-ವೆಕ್ ಅನ್ನುವ ಔಷಧವನ್ನು ಹತ್ತಿರದಿಂದ ನೋಡಬೇಕು. 2015ರ ಅಕ್ಟೋಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಿತು, ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರಿಗೆ. ಮೂಲದಲ್ಲಿ ಇದು ಹರ್ಪಿಸ್ ವೈರಸ್, ಜ್ವರ ಬಂದಾಗ ತುಟಿಯ ಅಂಚಲ್ಲಿ ಗುಳ್ಳೆ ಎಬ್ಬಿಸುತ್ತದಲ್ಲ, ಅದೇ. ಅದರಲ್ಲಿ ಮಾಡಿದ ಮುಖ್ಯ ಬದಲಾವಣೆ ಮೂರು. ಒಂದು, ಐಸಿಪಿ 34.5 ಅನ್ನುವ ಜೀನ್ ತೆಗೆದರು. ಸರಿಯಾದ ಜೀವಕೋಶ ‘ಪ್ರೋಟೀನ್ ತಯಾರಿ ನಿಲ್ಲಿಸು’ ಅಂದಾಗ ಅದನ್ನು ಮೀರಲು ವೈರಸ್ಸಿಗೆ ಬೇಕಾದ ಜೀನ್ ಅದು. ಅದಿಲ್ಲದೆ ವೈರಸ್ ಆರೋಗ್ಯವಂತ ಜೀವಕೋಶದಲ್ಲಿ, ಅದರಲ್ಲೂ ನರಗಳಲ್ಲಿ, ಸೋಲುತ್ತದೆ. ತಡೆ ಇಲ್ಲದ ಕ್ಯಾನ್ಸರ್ ಜೀವಕೋಶದಲ್ಲಿ ಬೆಳೆಯುತ್ತದೆ. ಇದು ಸುರಕ್ಷತೆಗೆ.

ಇನ್ನೆರಡು ಬದಲಾವಣೆ ಇಮ್ಯುನಿಟಿಗಾಗಿಯೇ ಮಾಡಿದ್ದು. ನಮ್ಮ ಪ್ರತಿ ಜೀವಕೋಶವೂ ತನ್ನೊಳಗಿನ ಪ್ರೋಟೀನುಗಳ ಚೂರುಗಳನ್ನು ಸದಾ ಹೊರಮೈ ಮೇಲೆ ಇಟ್ಟು ತೋರಿಸುತ್ತಿರುತ್ತದೆ, ಟಿ ಸೆಲ್ಲುಗಳು ಓಡಾಡುತ್ತಾ ಅದನ್ನು ತಪಾಸಣೆ ಮಾಡುತ್ತವೆ. ಹರ್ಪಿಸ್ ಚಾಲಾಕಿ ವೈರಸ್. ಐಸಿಪಿ 47 ಅನ್ನುವ ಜೀನ್ ಬಳಸಿ ಈ ಪ್ರದರ್ಶನವನ್ನೇ ನಿಲ್ಲಿಸಿ ತಪ್ಪಿಸಿಕೊಳ್ಳುತ್ತದೆ. ಟಿ-ವೆಕ್ ಮಾಡಿದವರು ಆ ಜೀನನ್ನು ಕಿತ್ತುಹಾಕಿದರು. ಅಂದರೆ ವೈರಸ್ಸಿಗೆ ಇದ್ದ ಅಡಗುವ ಉಪಾಯವನ್ನೇ ಕಸಿದುಕೊಂಡರು. ಅದೂ ಸಾಲದು ಅಂತ ಜಿಎಂ-ಸಿಎಸ್‌ಎಫ್ ಅನ್ನುವ ಮನುಷ್ಯರ ಜೀನ್ ಸೇರಿಸಿದರು. ವೈರಸ್ ಹೊಕ್ಕ ಜೀವಕೋಶ ಈ ಪ್ರೋಟೀನನ್ನು ಹೊರಗೆ ಬಿಟ್ಟು, ಟಿ ಸೆಲ್ಲುಗಳಿಗೆ ಸುದ್ದಿ ಮುಟ್ಟಿಸುವ ಡೆಂಡ್ರೈಟಿಕ್ ಸೆಲ್ಲುಗಳನ್ನು ಆ ಜಾಗಕ್ಕೆ ಕರೆಯುತ್ತದೆ. ಬರೀ ಕೊಲ್ಲುವ ವೈರಸ್ ಸಾಕಿತ್ತು ಅಂದಿದ್ದರೆ ಇಷ್ಟು ಕಷ್ಟ ಯಾಕೆ ಪಡಬೇಕಿತ್ತು?

ಊರಲ್ಲಿ ಸಭ್ಯನ ಹಾಗೆ ಓಡಾಡಿಕೊಂಡಿರುವ ಕಳ್ಳನ ಮನೆಗೆ ಬೆಂಕಿ ಬಿತ್ತು ಅಂದುಕೊಳ್ಳಿ. ಆರಿಸೋಕೆ ಓಡಿಬಂದ ಊರವರಿಗೆ ಒಳಗೆ ಬಚ್ಚಿಟ್ಟ ಕದ್ದ ಮಾಲು ಕಣ್ಣಿಗೆ ಬೀಳುತ್ತದೆ. ಆಮೇಲೆ ಅಂಥದೇ ಮಾಲು ಇಟ್ಟುಕೊಂಡ ಅವನ ಜೊತೆಗಾರರು ಬೇರೆ ಬೀದಿಯಲ್ಲಿದ್ದರೂ ಬಿಡುವುದಿಲ್ಲ. ಗಡ್ಡೆಯೊಳಗೆ ನಡೆಯುವುದು ಹೆಚ್ಚುಕಡಿಮೆ ಇದೇ. ಕ್ಯಾನ್ಸರ್ ಜೀವಕೋಶ ನಮ್ಮದೇ ಆದ್ದರಿಂದ, ಜೊತೆಗೆ ಟಿ ಸೆಲ್ಲುಗಳನ್ನು ಸುಮ್ಮನಾಗಿಸುವ ದಾರಿಗಳೂ ಅದಕ್ಕೆ ಗೊತ್ತಿರುವುದರಿಂದ, ಇಮ್ಯುನಿಟಿ ಅದರ ಪಕ್ಕದಲ್ಲೇ ಇದ್ದೂ ಏನೂ ಮಾಡದೆ ಇರುತ್ತದೆ. ವೈರಸ್ ಅದನ್ನು ಒಡೆದಾಗ ಒಳಗಿನ ವಿಚಿತ್ರ ಪ್ರೋಟೀನುಗಳೆಲ್ಲ ಹೊರಗೆ ಚೆಲ್ಲುತ್ತವೆ, ಜೊತೆಗೆ ‘ಇಲ್ಲಿ ಸೋಂಕಾಗಿದೆ’ ಅನ್ನುವ ಅಪಾಯದ ಸೂಚನೆಗಳೂ. ಡೆಂಡ್ರೈಟಿಕ್ ಸೆಲ್ಲುಗಳು ಎರಡನ್ನೂ ಎತ್ತಿಕೊಂಡು ಹತ್ತಿರದ ದುಗ್ಧಗ್ರಂಥಿಗೆ ಹೋಗಿ ಟಿ ಸೆಲ್ಲುಗಳಿಗೆ ತೋರಿಸುತ್ತವೆ. ಅಲ್ಲಿ ತಯಾರಾದ ಟಿ ಸೆಲ್ಲುಗಳು ರಕ್ತದಲ್ಲಿ ಹೊರಟು ದೇಹವೆಲ್ಲ ಹುಡುಕುತ್ತವೆ.

ಇದು ಸುಮ್ನೆ ಊಹೆಯಲ್ಲ. ಟಿ-ವೆಕ್‌ನ ದೊಡ್ಡ ಟ್ರಯಲ್ ಒಟ್ಟು 436 ಜನರಲ್ಲಿ ನಡೆಯಿತು. ಸೂಜಿ ಚುಚ್ಚಿದ ಗಡ್ಡೆಗಳಲ್ಲಿ 64% ಅರ್ಧಕ್ಕಿಂತ ಜಾಸ್ತಿ ಕುಗ್ಗಿದವು. ಚುಚ್ಚದೇ ಬಿಟ್ಟ ಚರ್ಮದ ಮತ್ತು ದುಗ್ಧಗ್ರಂಥಿಯ ಗಡ್ಡೆಗಳಲ್ಲೂ 34%, ಶ್ವಾಸಕೋಶ, ಲಿವರ್‌ನಂಥ ಒಳ ಅಂಗಗಳ ಗಡ್ಡೆಗಳಲ್ಲಿ 15% ಅದೇ ಪ್ರಮಾಣದಲ್ಲಿ ಕುಗ್ಗಿದವು. ಸೂಜಿ ಮುಟ್ಟದ ಗಡ್ಡೆ ಕರಗಿತು ಅಂದರೆ ಆ ಕೆಲಸ ಟಿ ಸೆಲ್ಲುಗಳದು ಅನ್ನುವುದೇ ಅದಕ್ಕೆ ಹೊಂದುವ ವಿವರಣೆ. ಇನ್ನೊಂದು ವಿಷಯ: ಗುಣ ಕಂಡವರಲ್ಲಿ ಸುಮಾರು ಅರ್ಧ ಜನರಿಗೆ ಮೊದಲು ಗಡ್ಡೆ ದೊಡ್ಡದಾಯಿತು ಇಲ್ಲವೇ ಹೊಸದು ಕಾಣಿಸಿತು, ಆಮೇಲೆ ಇಳಿಯಿತು. ಟಿ ಸೆಲ್ ತಯಾರಾಗಿ ಬರೋಕೆ ಸಮಯ ಬೇಕು, ಬಂದು ಸೇರಿಕೊಂಡಾಗ ಆ ಜಾಗ ಊದುವುದೂ ಉಂಟು.

ಈಗ ನಿಮ್ಮ ಪ್ರಶ್ನೆಗೆ ನೇರ ಉತ್ತರ ಡೋಸಿನಲ್ಲೇ ಇದೆ. ಟಿ-ವೆಕ್‌ನ ಮೊದಲ ಡೋಸ್ ಒಂದು ಎಂಎಲ್‌ಗೆ 10 ಲಕ್ಷ ಪ್ಲಾಕ್ ಲೆಕ್ಕದ ವೈರಸ್. ಮೂರು ವಾರ ಬಿಟ್ಟು ಎರಡನೇ ಡೋಸ್ ಎಂಎಲ್‌ಗೆ 10 ಕೋಟಿ, ನೂರು ಪಟ್ಟು. ಆಮೇಲೆ ಎರಡು ವಾರಕ್ಕೊಮ್ಮೆ. ಮಧ್ಯೆ ಮೂರು ವಾರ ಬಿಡುವುದು ಯಾಕೆ ಗೊತ್ತಾ? ಹಿಂದೆ ಹರ್ಪಿಸ್ ಬಾರದವರಿಗೆ ಅಷ್ಟರಲ್ಲಿ ಆಂಟಿಬಾಡಿ ಹುಟ್ಟಲಿ ಅಂತ. ಇಮ್ಯುನಿಟಿ ತಗ್ಗಿಸುವುದು ಇರಲಿ, ಅದು ಎದ್ದು ನಿಲ್ಲುವವರೆಗೆ ಕಾದು ದೊಡ್ಡ ಡೋಸ್ ಕೊಡುತ್ತಾರೆ. ಇಮ್ಯುನಿಟಿ ತೀರಾ ಕುಗ್ಗಿದವರಿಗೆ, ಗರ್ಭಿಣಿಯರಿಗೆ ಇದನ್ನು ಕೊಡುವ ಹಾಗಿಲ್ಲ ಅಂತ ಔಷಧದ ಚೀಟಿಯಲ್ಲೇ ಇದೆ.

ಹಾಗಾದರೆ ಆಂಟಿಬಾಡಿ ವೈರಸ್ಸನ್ನು ಹಿಡಿಯಲ್ವಾ? ರಕ್ತದಲ್ಲಿ ಹಿಡಿಯುತ್ತದೆ, ಅದಕ್ಕೇ ಗಡ್ಡೆಯೊಳಕ್ಕೇ ನೇರವಾಗಿ ಚುಚ್ಚುತ್ತಾರೆ. ರಕ್ತನಾಳಕ್ಕೆ ಕೊಟ್ಟರೆ ಆಂಟಿಬಾಡಿಗಳು, ಲಿವರ್ ಮತ್ತು ಗುಲ್ಮದಲ್ಲಿರುವ ಮ್ಯಾಕ್ರೋಫೇಜುಗಳು (ಸೂಕ್ಷ್ಮಾಣುಗಳನ್ನು ನುಂಗುವ ಜೀವಕೋಶಗಳು) ದಾರಿಯಲ್ಲೇ ಬಹಳಷ್ಟನ್ನು ಮುಗಿಸುತ್ತವೆ. ರಕ್ತನಾಳದ ದಾರಿ ಫಲ ಕೊಟ್ಟ ಹೆಸರುವಾಸಿ ಉದಾಹರಣೆ ಅಮೆರಿಕದ ಮೇಯೊ ಕ್ಲಿನಿಕ್‌ನದು. ಮಲ್ಟಿಪಲ್ ಮೈಲೋಮಾ ಅನ್ನುವ ಮೂಳೆಮಜ್ಜೆಯ ಕ್ಯಾನ್ಸರ್ ಇದ್ದ 49 ವರ್ಷದ ಮಹಿಳೆಗೆ ತಿದ್ದಿದ ದಡಾರದ ವೈರಸ್ ಕೊಟ್ಟು ಕಾಯಿಲೆ ಪೂರ್ತಿ ಇಳಿದದ್ದನ್ನು 2014ರಲ್ಲಿ ಪ್ರಕಟಿಸಿದರು. ಡೋಸ್ 10,000 ಕೋಟಿ ವೈರಸ್. ಆಕೆಯ ರಕ್ತದಲ್ಲಿ ದಡಾರದ ಆಂಟಿಬಾಡಿ ಹೆಚ್ಚುಕಡಿಮೆ ಇರಲೇ ಇಲ್ಲ, ಅದಕ್ಕೇ ಆಕೆಯನ್ನು ಆರಿಸಿದ್ದು. ಅದೇ ಡೋಸ್ ಪಡೆದ ಇನ್ನೊಬ್ಬರಿಗೆ ಅಷ್ಟು ಗುಣ ಕಾಣಲಿಲ್ಲ. ಚಿಕ್ಕಂದಿನಲ್ಲೇ ದಡಾರದ ಲಸಿಕೆ ಹಾಕಿಸಿಕೊಂಡ ನಮ್ಮಂಥವರಿಗೆ ಆ ದಾರಿ ಕಷ್ಟ.

ಆದರೆ ಗಡ್ಡೆಯೊಳಗಿನ ಕತೆಯೇ ಬೇರೆ, ಮತ್ತು ನನಗೆ ಬಹಳ ಇಷ್ಟವಾದ ಫಲಿತಾಂಶ ಇರುವುದು ಇಲ್ಲೇ. ಬೋಸ್ಟನ್‌ನಲ್ಲಿ ಆಂಟೋನಿಯೊ ಚಿಯೊಕ್ಕಾ ಅವರ ತಂಡ ಗ್ಲಿಯೊಬ್ಲಾಸ್ಟೋಮಾ ಅನ್ನುವ ಮಿದುಳಿನ ಕ್ಯಾನ್ಸರ್ ಮರುಕಳಿಸಿದ 41 ಜನರಿಗೆ ಸಿಎಎನ್-3110 ಅನ್ನುವ ಇನ್ನೊಂದು ಹರ್ಪಿಸ್ ವೈರಸ್ ಕೊಟ್ಟಿತು, 2023ರಲ್ಲಿ ಪ್ರಕಟವಾಯಿತು. ಮೊದಲೇ ಹರ್ಪಿಸ್ ಬಂದು ಹೋಗಿ ಆಂಟಿಬಾಡಿ ಇದ್ದವರು ಬದುಕಿದ ಅವಧಿ ಸರಾಸರಿ ಲೆಕ್ಕದಲ್ಲಿ ಸುಮಾರು 14 ತಿಂಗಳು, ಇಲ್ಲದವರು ಸುಮಾರು 8 ತಿಂಗಳು. ವೈರಸ್ ಬೇಗ ಅಳಿಸಿಹೋದವರಿಗೇ ಜಾಸ್ತಿ ಲಾಭ! ಹಳೆಯ ಪರಿಚಯದ ವೈರಸ್ ಕಂಡ ಇಮ್ಯುನಿಟಿ ಆ ಜಾಗಕ್ಕೆ ಬೇಗ ಓಡಿಬಂದಿದೆ, ಬಂದದ್ದು ಗಡ್ಡೆಯನ್ನೂ ನೋಡಿದೆ. ಚಿಕ್ಕ ಟ್ರಯಲ್ ಅನ್ನೋದು ನೆನಪಿರಲಿ, ಆದರೂ ‘ಇಮ್ಯುನಿಟಿ ಇದ್ದರೆ ವೈರಸ್ ಚಿಕಿತ್ಸೆ ಕೆಡುತ್ತದೆ’ ಅನ್ನುವ ಹಳೆಯ ನಂಬಿಕೆಗೆ ಇದು ದೊಡ್ಡ ಪೆಟ್ಟು.

ಹಾಗಂತ ಎಲ್ಲವೂ ಗೆದ್ದಿದೆ ಅಂದುಕೊಳ್ಳಬೇಡಿ. ಟಿ-ವೆಕ್‌ನಿಂದ ಆರು ತಿಂಗಳಾದರೂ ನಿಲ್ಲುವ ಗುಣ ಕಂಡವರು 16.3% ಮಾತ್ರ. ಟಿ ಸೆಲ್ಲುಗಳ ಬ್ರೇಕ್ ತೆಗೆಯುವ ಪೆಂಬ್ರೊಲಿಜುಮಾಬ್ ಜೊತೆ ಕೊಟ್ಟರೆ ಇನ್ನೂ ಚೆನ್ನಾಗಿರಬೇಕು ಅಂತ ಎಲ್ಲರಿಗೂ ಅನಿಸಿತ್ತು. ಮೊದಲ 21 ರೋಗಿಗಳಲ್ಲಿ 62% ಜನರಿಗೆ ಗಡ್ಡೆ ಕುಗ್ಗಿತು. ಆಮೇಲೆ 692 ಜನರಲ್ಲಿ ಸರಿಯಾಗಿ ಹೋಲಿಸಿ ನೋಡಿದಾಗ, ಬರೀ ಪೆಂಬ್ರೊಲಿಜುಮಾಬ್ ತೆಗೆದುಕೊಂಡವರಿಗಿಂತ ಜಾಸ್ತಿ ಕಾಲ ಬದುಕಲಿಲ್ಲ. ಸಣ್ಣ ಗುಂಪಿನ ಸಿಹಿಸುದ್ದಿಯನ್ನು ನಾನು ಅಳೆದು ತೂಗಿ ನಂಬುವುದು ಇದಕ್ಕೇ. ಜಪಾನಿನಲ್ಲಿ ಮಿದುಳಿನ ಗಡ್ಡೆಗೆ 2021ರಲ್ಲಿ ಡೆಲಿಟ್ಯಾಕ್ಟ್ ಅನ್ನುವ ಹರ್ಪಿಸ್ ಔಷಧಕ್ಕೆ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿದೆ, ಅದರ ಟ್ರಯಲ್ ಕೂಡ 19 ಜನರದು. ಚೀನಾದಲ್ಲಿ 2005ರಿಂದ ತಲೆ-ಕುತ್ತಿಗೆ ಕ್ಯಾನ್ಸರಿಗೆ ಒಂದು ಅಡಿನೋವೈರಸ್ ಇದೆ. ಲಾಟ್ವಿಯಾದ ರಿಗ್ವಿರ್ ಅನ್ನುವ ವೈರಸ್ ಔಷಧ ಮಾತ್ರ ಬೇರೆ ತರಹದ ಪಾಠ. ಅದನ್ನು ಹುಡುಕಿಕೊಂಡು ಹೊರದೇಶಗಳಿಂದಲೂ ರೋಗಿಗಳು ಹೋಗುತ್ತಿದ್ದರು. ಹೇಳಿದಷ್ಟು ವೈರಸ್ ಸೀಸೆಯಲ್ಲಿ ಇಲ್ಲವೆಂದು ಪತ್ತೆಯಾಗಿ 2019ರಲ್ಲಿ ಅದನ್ನು ಹಂಚುವುದು ನಿಂತಿತು. ಮೇಲೆ ಹೇಳಿದ ಪ್ಲಾಕ್ ಎಣಿಕೆ ಎಷ್ಟು ಮುಖ್ಯ ಅಂತ ಇದರಿಂದಲೇ ಗೊತ್ತಾಗುತ್ತದೆ.

ಈಗ ಆ ಕ್ರೊಯೇಷಿಯಾದ ಸುದ್ದಿ. ಅದು ನಿಜ. ಬಿಯಾಟಾ ಹಲಾಸಿ, ಜಾಗ್ರೆಬ್ ವಿಶ್ವವಿದ್ಯಾಲಯದ ವೈರಾಲಜಿಸ್ಟ್. ಸ್ತನ ತೆಗೆಸಿದ್ದ ಜಾಗದಲ್ಲೇ ಕ್ಯಾನ್ಸರ್ ಎರಡನೇ ಸಲ ಮರುಕಳಿಸಿದಾಗ, 2020ರಲ್ಲಿ, ಲಸಿಕೆಗೆ ಬಳಸುವ ದಡಾರದ ವೈರಸ್ಸನ್ನೂ ಆಮೇಲೆ ವಿಎಸ್‌ವಿ ಅನ್ನುವ ದನಕರುಗಳ ವೈರಸ್ಸನ್ನೂ ತಾವೇ ತಯಾರಿಸಿ, ಸುಮಾರು ಎರಡು ತಿಂಗಳು ಗಡ್ಡೆಗೆ ಚುಚ್ಚಿಸಿಕೊಂಡರು. ಗಡ್ಡೆ ಕುಗ್ಗಿತು, ಮೆತ್ತಗಾಯಿತು, ಅಂಟಿಕೊಂಡಿದ್ದ ಚರ್ಮ ಮತ್ತು ಸ್ನಾಯುವಿನಿಂದ ಬಿಡಿಸಿಕೊಂಡಿತು. ಆಮೇಲೆ ಸರ್ಜರಿಯಲ್ಲಿ ಅದನ್ನು ತೆಗೆದರು. ಪರೀಕ್ಷೆ ಮಾಡಿದಾಗ ಒಳಗೆಲ್ಲ ಲಿಂಫೋಸೈಟುಗಳು, ಅಂದರೆ ಟಿ ಸೆಲ್‌ನಂಥ ಬಿಳಿ ರಕ್ತಕಣಗಳು, ತುಂಬಿದ್ದವು. ಅಂದರೆ ಇಮ್ಯುನಿಟಿ ಒಳಹೊಕ್ಕಿತ್ತು. ಪೇಪರಿನವರು ಬಿಡುವ ಎರಡು ಸಂಗತಿ ಹೇಳಲೇಬೇಕು. ಸರ್ಜರಿ ಆಗಿದೆ, ಅದರ ಮೇಲೆ ಒಂದು ವರ್ಷ ಟ್ರಾಸ್ಟುಜುಮಾಬ್ ಅನ್ನುವ ಕ್ಯಾನ್ಸರ್ ಔಷಧ ಕೂಡ ತೆಗೆದುಕೊಂಡಿದ್ದಾರೆ. ಮತ್ತೆ, ಅವರು ವೈರಸ್ ಬೆಳೆಸಿ ಶುದ್ಧ ಮಾಡುವುದನ್ನೇ ವೃತ್ತಿಯಾಗಿ ಮಾಡಿದವರು, ಪಕ್ಕದಲ್ಲಿ ಆಂಕಾಲಜಿಸ್ಟುಗಳು (ಕ್ಯಾನ್ಸರ್ ಡಾಕ್ಟರುಗಳು) ನಿಂತು ನೋಡಿಕೊಳ್ಳುತ್ತಿದ್ದರು. ಅವರ ಧೈರ್ಯದ ಬಗ್ಗೆ ನನಗೆ ಗೌರವ ಇದೆ. ಆದರೆ ಒಬ್ಬರಲ್ಲಿ ಆದದ್ದನ್ನು ಇಟ್ಟುಕೊಂಡು ನಿಮ್ಮ ಚಿಕ್ಕಮ್ಮನ ಚಿಕಿತ್ಸೆ ನಿರ್ಧಾರ ಮಾಡಬೇಡಿ.

ಚಿಕ್ಕಮ್ಮನ ವಿಷಯಕ್ಕೆ ಬರೋಣ. ಸ್ತನ ಕ್ಯಾನ್ಸರಿಗೆ ಒಪ್ಪಿಗೆ ಪಡೆದ, ಗಡ್ಡೆಗೆ ಚುಚ್ಚಿ ಒಡೆಯುವಂಥ ವೈರಸ್ ಔಷಧ ಸದ್ಯ ಯಾವ ದೇಶದಲ್ಲೂ ಇಲ್ಲ. ಟ್ರಯಲ್‌ಗಳಿವೆ. ಫ್ಲಾರಿಡಾದ ಮಾಫಿಟ್ ಕ್ಯಾನ್ಸರ್ ಸೆಂಟರಿನಲ್ಲಿ ಟ್ರಿಪಲ್ ನೆಗೆಟಿವ್ (ಕೊನೆಯಲ್ಲಿ ಹೇಳುವ ಮೂರು ಪರೀಕ್ಷೆಯೂ ನೆಗೆಟಿವ್ ಬಂದ) ಸ್ತನ ಕ್ಯಾನ್ಸರಿನ 37 ಜನರಿಗೆ ಸರ್ಜರಿಗೆ ಮುಂಚಿನ ಕೀಮೋ ಜೊತೆಗೇ ಟಿ-ವೆಕ್ ಕೊಟ್ಟರು. ಸರ್ಜರಿ ಹೊತ್ತಿಗೆ 45.9% ಜನರಲ್ಲಿ ಕ್ಯಾನ್ಸರ್ ಉಳಿದಿರಲಿಲ್ಲ. ಭರವಸೆ ಕೊಡುವ ಸಂಖ್ಯೆ, ಆದರೆ ವೈರಸ್ ಇಲ್ಲದೆ ಬರೀ ಕೀಮೋ ಪಡೆದ ಹೋಲಿಕೆ ಗುಂಪು ಆ ಟ್ರಯಲ್‌ನಲ್ಲಿ ಇರಲಿಲ್ಲ. ನಮ್ಮ ದೇಶದಲ್ಲಿ ನಡೆಯುವ ಯಾವ ಟ್ರಯಲ್ ಆದರೂ ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ) ವೆಬ್‌ಸೈಟಿನಲ್ಲಿ ನೋಂದಣಿ ಆಗಿರಲೇಬೇಕು, ಯಾರಾದರೂ ‘ವೈರಸ್ ಥೆರಪಿ ಕೊಡ್ತೀವಿ, ಇಷ್ಟು ಲಕ್ಷ ಕಟ್ಟಿ’ ಅಂದರೆ ಮೊದಲು ನೋಂದಣಿ ಸಂಖ್ಯೆ ಕೇಳಿ. ಕೊಡದಿದ್ದರೆ ಎದ್ದು ಬನ್ನಿ.

ಜೀವಂತ ಸೂಕ್ಷ್ಮಾಣುವಿನಿಂದ ಇಮ್ಯುನಿಟಿಯನ್ನು ಗಡ್ಡೆಯ ಮೇಲೆ ಎಬ್ಬಿಸುವುದು ನಮ್ಮ ಆಸ್ಪತ್ರೆಗಳಿಗೆ ಹೊಸದೇನಲ್ಲ ಅನ್ನೋದನ್ನೂ ಹೇಳಿಬಿಡುತ್ತೇನೆ. ಮೂತ್ರಕೋಶದ ಶುರುವಿನ ಹಂತದ ಕ್ಯಾನ್ಸರಿಗೆ ಬಿಸಿಜಿಯನ್ನು, ಹುಟ್ಟಿದ ಮಗುವಿಗೆ ಕ್ಷಯದ ವಿರುದ್ಧ ಹಾಕುತ್ತಾರಲ್ಲ, ಅದನ್ನೇ, ನಳಿಕೆಯಲ್ಲಿ ಒಳಗೆ ಬಿಡುತ್ತಾರೆ. ಅದು ಬ್ಯಾಕ್ಟೀರಿಯಾ, ಆದರೆ ತತ್ವ ಇದೇ. ಬೆಂಗಳೂರಿನ ಇಮ್ಯುನೀಲ್ ಕಂಪನಿ ತಯಾರಿಸುವ, ರೋಗಿಯ ಟಿ ಸೆಲ್ಲುಗಳನ್ನೇ ತಿದ್ದಿ ವಾಪಸ್ ಕೊಡುವ ಕಾರ್-ಟಿ ಚಿಕಿತ್ಸೆಯನ್ನೂ ಕೆಲವರು ಇದರ ಜೊತೆ ಸೇರಿಸಿ ಮಾತಾಡುತ್ತಾರೆ. ಅದು ಬೇರೆ. ಕಾರ್-ಟಿಯಲ್ಲಿ ಪಳಗಿಸಿದ ವೈರಸ್ ಬರೀ ಸಾಗಣೆಗೆ, ಹೊರಗೆ ಲ್ಯಾಬಿನಲ್ಲಿ ಟಿ ಸೆಲ್ ಒಳಕ್ಕೆ ಒಂದು ಜೀನ್ ತಲುಪಿಸಲು.

ಕಷಾಯ ಬೇಡ. ಇಲ್ಲಿ ಬೇಕಾದದ್ದು ಇಮ್ಯುನಿಟಿಯ ಪ್ರಮಾಣ ಅಲ್ಲ, ಗುರುತು ಹಿಡಿಯುವ ಶಕ್ತಿ. ಅದು ಯಾವ ಕಷಾಯದಿಂದಲೂ ಬರುವುದಿಲ್ಲ. ಅಮೃತಬಳ್ಳಿ ಕುಡಿದು ಲಿವರಿಗೆ ಪೆಟ್ಟಾದ ರೋಗಿಗಳ ಬಗ್ಗೆ ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ, ಕೀಮೋ ಔಷಧಗಳಲ್ಲಿ ಹಲವು ಲಿವರ್ ಮೂಲಕವೇ ಹಾದುಹೋಗುವಂಥವು. ಈಗಾಗಲೇ ಕೊಡುತ್ತಿದ್ದರೆ ಬೈತಾರೆ ಅಂತ ಮುಚ್ಚಿಡದೆ ಆಂಕಾಲಜಿಸ್ಟಿಗೆ ಹೇಳಿ. ಕೀಮೋ ಮಧ್ಯೆ ಜ್ವರ 100.4 ಡಿಗ್ರಿ ದಾಟಿದರೆ ರಾತ್ರಿ ಎಷ್ಟು ಹೊತ್ತಾಗಿದ್ದರೂ ಆಸ್ಪತ್ರೆಗೆ ಹೊರಡಿ, ಬೆಳಗಾಗಲಿ ಅಂತ ಕಾಯಬೇಡಿ. ಕೀಮೋದಲ್ಲಿ ಬಿಳಿ ರಕ್ತಕಣ ಇಳಿದಾಗ ಸೋಂಕು ಬಹಳ ಬೇಗ ಏರುತ್ತದೆ.

ಮುಂದಿನ ಸಲ ಹೋದಾಗ ಡಾಕ್ಟರನ್ನು ಕೇಳಬೇಕಾದದ್ದು ಒಂದಿದೆ. ಬಯಾಪ್ಸಿ ರಿಪೋರ್ಟಿನಲ್ಲಿ ಇಆರ್, ಪಿಆರ್, ಹರ್-2 ಅಂತ ಮೂರು ಸಾಲು ಇರುತ್ತವೆ. ಮೊದಲೆರಡು ಹಾರ್ಮೋನ್ ಹಿಡಿಯುವ, ಮೂರನೆಯದು ಬೆಳವಣಿಗೆಗೆ ಸೂಚನೆ ಕೊಡುವ ಪ್ರೋಟೀನ್ ಗಡ್ಡೆಯಲ್ಲಿದೆಯಾ ಅಂತ ಹೇಳುತ್ತವೆ. ಮೂರೂ ನೆಗೆಟಿವ್ ಆಗಿದ್ದರೆ ಪೆಂಬ್ರೊಲಿಜುಮಾಬ್ ಬಗ್ಗೆ ವಿಚಾರಿಸಿ, ಇಮ್ಯುನಿಟಿಯನ್ನೇ ಬಳಸುವ ಚಿಕಿತ್ಸೆಗಳಲ್ಲಿ ಸ್ತನ ಕ್ಯಾನ್ಸರಿಗೆ ಒಪ್ಪಿಗೆ ಪಡೆದು ಈಗಲೇ ಕೈಗೆ ಸಿಗುವುದು ಅದು. ಬೆಲೆ ಜಾಸ್ತಿ, ಎಲ್ಲರಿಗೂ ಹೊಂದುವುದಿಲ್ಲ. ಹರ್-2 ಪಾಸಿಟಿವ್ ಇದ್ದರೆ ಟ್ರಾಸ್ಟುಜುಮಾಬ್ ಇದೆ, ಅದನ್ನು ನಮ್ಮ ದೇಶದಲ್ಲೇ ತಯಾರಿಸುವುದರಿಂದ ಮೊದಲಿನಷ್ಟು ದುಬಾರಿ ಅಲ್ಲ. ಆ ಮೂರು ಸಾಲು ಏನಂತಿವೆ ಅಂತ ಇಲ್ಲೇ ಕೆಳಗೆ ಬರೆಯಿರಿ, ಹೆಸರು, ಆಸ್ಪತ್ರೆ ಬೇಡ. ರಿಪೋರ್ಟಿನ ಭಾಷೆ ಅರ್ಥವಾಗದಿದ್ದರೆ ಬಿಡಿಸಿ ಹೇಳುತ್ತೇನೆ.